ಏರುದಾರಿಯಲ್ಲಿ ಹೇರು



ಕೋಲಾರದ ಟೊಮೇಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ ಇವನ್ನೆಲ್ಲ ನಮ್ಮ ಟ್ರಾಕ್ಟರುಗಳು ಬಯಲುದಾರಿಯಲ್ಲಿ ಸಲೀಸಾಗಿ ಎಳೆಯುತ್ತವೆ. ಆದರೆ ಶತಶೃಂಗ ಬೆಟ್ಟದ ಮೇಲಿನ ತೇರಹಳ್ಳಿಯಂಥ ಊರಿಗೆ ಗೊಬ್ಬರವನ್ನೋ ಇಟ್ಟಿಗೆಯನ್ನೋ ಒಯ್ಯುವಾಗ ಲೆಕ್ಕವೇ ಬೇರೆ.

1 ಟನ್ ತೂಗುವ ಟ್ರೇಲರಿಗೆ 3 ಟನ್ ಇಟ್ಟಿಗೆ ಹೇರಿದಿರಿ ಅನ್ನಿ. ಹತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಅದು ಸುಮಾರು 400 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಐದು ಅಡಿಗೆ ಒಂದಡಿ ಏರಿದರೆ ಸುಮಾರು 800 ಕಿಲೋ. ಹೇರು ಅದೇ, ಟ್ರಾಕ್ಟರೂ ಅದೇ; ಜಗ್ಗು ಮಾತ್ರ ಇಮ್ಮಡಿ.

ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಮೇಲೇಳುವುದನ್ನು ನೀವು ಕಂಡಿದ್ದೀರಿ. ಏರಿನಲ್ಲಿ ಟ್ರಾಕ್ಟರಿನ ಮುಂದಿನ ಗಾಲಿಗಳೂ ಹಾಗೆಯೇ ಏಳುತ್ತವೆ. ಗಾಲಿ ನೆಲ ಬಿಟ್ಟರೆ ಸ್ಟೀರಿಂಗ್ ತಿರುಗಿಸಿ ಫಲವಿಲ್ಲ. ಟ್ರಾಕ್ಟರು ಹಿಂದಕ್ಕೆ ಮಗುಚಿದರೆ ನೆಗೆದು ಪಾರಾಗಲು ಹೊತ್ತೇ ಸಿಗದು. ಆದ್ದರಿಂದ ಟ್ರೇಲರನ್ನು ಅದಕ್ಕೆಂದೇ ಕೊಟ್ಟಿರುವ ಕೆಳಗಿನ ಕೊಕ್ಕೆಗೇ ಹೂಡಿ. ಸರಪಳಿಯನ್ನು ಅಚ್ಚಿಗೋ ಅದಕ್ಕಿಂತ ಮೇಲಕ್ಕೋ ಕಟ್ಟಿ ಎಳೆಯಲೇಬಾರದು. ಭಾರವನ್ನೆಲ್ಲ ಟ್ರೇಲರಿನ ಹಿಂದಕ್ಕೆ ಒಟ್ಟಬೇಡಿ.

ಇನ್ನು ಗೇರಿನ ಮಾತು. ಏರಿನ ಬುಡದಲ್ಲೇ ಸಣ್ಣ ಗೇರಿಗೆ ಹಾಕಿಕೊಳ್ಳಿ. ನಡುದಾರಿಯಲ್ಲಿ ಕ್ಲಚ್ ಒತ್ತಿದರೆ ಹೇರು ಹಿಂದಕ್ಕೆ ಎಳೆದೊಯ್ದೀತು. ಎಡ ಬಲ ಬ್ರೇಕಿನ ಪೆಡಲುಗಳನ್ನು ಕೊಂಡಿಹಾಕಿ ಜೋಡಿಸಿರಿ, ಇಲ್ಲವಾದರೆ ಒಂದೇ ಗಾಲಿ ಹಿಡಿದು ಟ್ರಾಕ್ಟರು ಅಡ್ಡ ತಿರುಗುತ್ತದೆ. ನಡುವೆ ನಿಂತುಹೋದರೆ ಬ್ರೇಕು ಕಟ್ಟಿ, ಗಾಲಿಗೆ ಕಲ್ಲು ಕೊಟ್ಟು, ಹೇರು ಇಳಿಸಿ. ಕಲ್ಲು ಕೊಡುವವರು ಪಕ್ಕದಲ್ಲಿರಲಿ, ಟ್ರೇಲರಿನ ಹಿಂದೆ ನಿಲ್ಲಬಾರದು.

ಇಳಿಜಾರು ಇನ್ನೂ ಕಠಿಣ. ಮುಳಬಾಗಿಲಿನಿಂದ ಚಿತ್ತೂರಿಗೆ ಹೋಗುವವರು ಪಲಮನೇರು ದಾಟಿದ ಮೇಲಿನ ಮೊಗಿಲಿ ಘಾಟನ್ನು ಬಲ್ಲರು. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ಲಿನಲ್ಲಿ ಬಿಡುವವರುಂಟು. ಆಗ ಎಂಜಿನ್ನಿನ ಹಿಡಿತವೇ ತಪ್ಪಿ, ಟ್ರೇಲರು ಹಿಂದಿನಿಂದ ದಬ್ಬುತ್ತದೆ. ಯಾವ ಗೇರಿನಲ್ಲಿ ಹತ್ತಬೇಕೋ ಅದರಲ್ಲೇ ಇಳಿಯಿರಿ. ಬ್ರೇಕಿಲ್ಲದ ಟ್ರೇಲರನ್ನು ಬೆಟ್ಟಕ್ಕೆ ಒಯ್ಯಬೇಡಿ.

ತಾಯಂದಿರೇ, ಇದು ನಿಮಗೆ ಹೇಳುವ ಮಾತು. ಹೇರಿನ ಮೇಲೆ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿ ಕಳಿಸಬೇಡಿ. ಕೂಲಿಗೆ ಹೋಗುವವರೂ ಹಾಗೆ ಹತ್ತಬಾರದು.

ಒಂದೇ ಸಲಕ್ಕೆ ಆಗಿಹೋಗಲಿ ಎಂಬ ಆತುರವೇ ಅಪಾಯದ ಬೇರು. ಅರ್ಧ ಹೇರಿ ಎರಡು ಸಲ ಹೋದರೆ ಹೆಚ್ಚು ತಗಲುವುದು ಒಂದಿಷ್ಟು ಡೀಸೆಲ್, ಒಂದಿಷ್ಟು ಹೊತ್ತು. ಅದನ್ನು ಮತ್ತೆ ದುಡಿಯಬಹುದು. ದುಡಿಯುವ ಜೀವ ಮನೆಗೆ ಮರಳಬೇಕು, ಅಷ್ಟೆ.