ಒಡಹುಟ್ಟಿದವರು: ಜಗಳ, ಪಾಲು, ಪ್ರೀತಿ



ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಶ್ರವಣಬೆಳಗೊಳಕ್ಕೆ ಹೋಗಿರುತ್ತೀರಿ. ಏದುಸಿರು ಬಿಡುತ್ತಾ ವಿಂಧ್ಯಗಿರಿಯ ಮೆಟ್ಟಿಲು ಹತ್ತಿ, 57 ಅಡಿ ಎತ್ತರದ ಗೊಮ್ಮಟನ ಮುಂದೆ ನಿಂತಿರುತ್ತೀರಿ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಕಡೆಯಿಸಿದ ಆ ಮೂರ್ತಿ ಯಾರದೆಂದು ಕೇಳಿದರೆ, ಬಾಹುಬಲಿಯದು ಎನ್ನುತ್ತೀರಿ. ಬಾಹುಬಲಿ ಯಾರು? ಅವನೊಬ್ಬ ತಮ್ಮ.

ಕವಿ ಪಂಪ ತನ್ನ ‘ಆದಿಪುರಾಣ’ದಲ್ಲಿ ಆ ಅಣ್ಣತಮ್ಮಂದಿರ ಕಥೆ ಹೇಳಿದ್ದಾನೆ. ತಂದೆ ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟು ತಪಸ್ಸಿಗೆ ಹೋದ. ಚಕ್ರವರ್ತಿಯಾದ ಅಣ್ಣ ಭರತ, ತಮ್ಮಂದಿರೆಲ್ಲ ತನಗೆ ತಲೆಬಾಗಬೇಕೆಂದ. ಬಾಹುಬಲಿ ಒಪ್ಪಲಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನೇ ಗೆದ್ದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸಬಹುದಿತ್ತು, ಅಪ್ಪಳಿಸಲಿಲ್ಲ. ಗೆದ್ದ ರಾಜ್ಯವನ್ನು ಬಿಟ್ಟು ಕಾಡಿಗೆ ನಡೆದ.

ನಮ್ಮ ಹಳ್ಳಿಗಳಲ್ಲಿ ಒಂದು ಗಾದೆಯುಂಟು: ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ದಾಯ ಎಂದರೆ ಪಾಲು. ದಾಯಾದಿ ಎಂದರೆ ಪಾಲಿಗೆ ಹಕ್ಕುಳ್ಳವನು, ಅಷ್ಟೇ. ಆದರೆ ಇಂದು ಆ ಮಾತು ಕೇಳಿದೊಡನೆ ನಮಗೆ ಹೊಳೆಯುವುದು ಹಗೆ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ಯಾವ ಹಂತದಲ್ಲಿ, ಏಕೆ ಹೀಗಾಗುತ್ತಾರೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಚಿಕ್ಕಂದಿನ ಜಗಳವೇ ಇದಕ್ಕೆ ಕಾರಣವೆಂದು ಹಿರಿಯರು ಭಾವಿಸುವುದುಂಟು. ಪೆನ್ಸಿಲಿಗೆ ಜಗಳ, ಟಿ.ವಿ. ರಿಮೋಟಿಗೆ ಜಗಳ, ಬಸ್ಸಿನ ಕಿಟಕಿಯ ಸೀಟಿಗೆ ಜಗಳ. ಆದರೆ ಈ ಜಗಳಗಳಿಂದಲೇ ಮಗು ಬಹಳಷ್ಟು ಕಲಿಯುತ್ತದೆ. ಇಂಗ್ಲೆಂಡಿನ ಮನೋವಿಜ್ಞಾನಿ ಜೂಡಿ ಡನ್, ಕೇಂಬ್ರಿಡ್ಜ್ ಸುತ್ತಮುತ್ತಲ 40 ಕುಟುಂಬಗಳಲ್ಲಿ ಎರಡನೆಯ ಮಗು ಹುಟ್ಟುವ ಸಮಯದಲ್ಲಿ ಮನೆಗಳಿಗೇ ಹೋಗಿ ಕುಳಿತು ಮಕ್ಕಳನ್ನು ಗಮನಿಸಿದರು. ತಮ್ಮನಿಗೆ ಏನು ಕೊಟ್ಟರೆ ಅಳು ನಿಲ್ಲುತ್ತದೆ, ಏನು ಕಿತ್ತುಕೊಂಡರೆ ಅಳು ಬರುತ್ತದೆ ಎಂಬುದು ಪುಟ್ಟ ಅಕ್ಕನಿಗೆ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಬ್ಬರ ಮನಸ್ಸನ್ನು ಓದುವ ಪಾಠ ಅಲ್ಲಿಂದಲೇ ಶುರು.

ಈ ಪಾಠವನ್ನು ಅಳೆಯಲು ಒಂದು ಸರಳ ಪ್ರಯೋಗವಿದೆ. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿಗೆ ಸಾಗಿಸುತ್ತಾಳೆ. ಹುಡುಗ ಹಿಂತಿರುಗಿ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು, ಚಾಕೊಲೇಟು ಈಗ ಇರುವ ಕಪಾಟನ್ನೇ ತೋರಿಸುತ್ತಾರೆ. ತನಗೆ ತಿಳಿದದ್ದು ಅವನಿಗೆ ತಿಳಿದಿಲ್ಲ ಎಂಬುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ. 1994ರಲ್ಲಿ ಜೋಸೆಫ್ ಪೆರ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಒಡಹುಟ್ಟಿದವರಿರುವ ಮೂರು ನಾಲ್ಕು ವರ್ಷದ ಮಕ್ಕಳು ಇಂಥ ಪ್ರಶ್ನೆಗೆ ಉಳಿದವರಿಗಿಂತ ಚೆನ್ನಾಗಿ ಉತ್ತರಿಸಿದ್ದರು. ದಿನವೂ ಕಣ್ಣಾಮುಚ್ಚಾಲೆ, ದಿನವೂ ಕಿತ್ತಾಟ, ದಿನವೂ ರಾಜಿ. ಅಭ್ಯಾಸ ಹೆಚ್ಚಿದಂತೆ ತಿಳಿವಳಿಕೆ ಬೇಗ ಬರುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಒಬ್ಬರೇ ಸದಾ ಹೊಡೆಯುವುದು, ಇನ್ನೊಬ್ಬರು ಸದಾ ಹೆದರುವುದು ಜಗಳವಲ್ಲ, ಹಿಂಸೆ. ಅದನ್ನು ಮನೆಯ ಹಿರಿಯರಿಗೋ ಶಿಕ್ಷಕರಿಗೋ ಹೇಳಲೇಬೇಕು.

ಹಾಗಾದರೆ ಹುಟ್ಟಿದ ಕ್ರಮವೇ ನಮ್ಮ ಸ್ವಭಾವವನ್ನು ನಿರ್ಧರಿಸುತ್ತದೆಯೇ? ಹಿರಿಯವನು ಗಂಭೀರ, ನಡುವಿನವಳು ಯಾರಿಗೂ ಬೇಡದವಳು, ಕಿರಿಯವನು ಮುದ್ದಿನಿಂದ ಕೆಟ್ಟವನು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು ವಿಯೆನ್ನಾದ ವೈದ್ಯ ಆಲ್‌ಫ್ರೆಡ್ ಆಡ್ಲರ್. 1870ರಲ್ಲಿ ಹುಟ್ಟಿದ ಅವರು ತಮ್ಮ ಮನೆಯ ಎರಡನೆಯ ಮಗು. ಬಾಲ್ಯದಲ್ಲಿ ಮೂಳೆಯ ಕಾಯಿಲೆಯಿಂದ ಬೆಂಚಿನ ಮೇಲೆ ಕುಳಿತು, ಆರೋಗ್ಯವಂತನಾದ ಅಣ್ಣ ಸಲೀಸಾಗಿ ಓಡುವುದನ್ನೂ ನೆಗೆಯುವುದನ್ನೂ ನೋಡುತ್ತಿದ್ದ ನೆನಪು ಅವರಿಗೆ ಕೊನೆಯವರೆಗೂ ಉಳಿದಿತ್ತು. ಅವರ ವಿಚಾರದ ಹಿಂದೆ ಆ ಹುಡುಗನ ನೋವೂ ಇದ್ದೀತು. ಆದರೆ 2015ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಜರ್ಮನಿಗಳ 20,000ಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿದ ಸಂಶೋಧಕರಿಗೆ ಬೇರೆಯೇ ಚಿತ್ರ ಕಂಡಿತು. ಹಿರಿಯ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಕೂದಲೆಳೆಯಷ್ಟು ಮುಂದಿದ್ದರು. ಆದರೆ ಸ್ನೇಹಪರತೆ, ಶ್ರದ್ಧೆ, ಮನಸ್ಸಿನ ಸ್ಥಿಮಿತ ಇವುಗಳಿಗೂ ಹುಟ್ಟಿದ ಕ್ರಮಕ್ಕೂ ಸಂಬಂಧ ಕಾಣಲಿಲ್ಲ. ಆದ್ದರಿಂದ ‘ನಾನು ನಡುವಿನವಳು, ನನ್ನ ಹಣೆಬರಹವೇ ಇಷ್ಟು’ ಎಂದು ಯಾರೂ ಕೊರಗಬೇಕಾಗಿಲ್ಲ.

ಜಗಳವೂ ಅಲ್ಲ, ಹುಟ್ಟಿದ ಕ್ರಮವೂ ಅಲ್ಲ. ಮತ್ತೇನು? ನನಗೆ ಕಾಣುವ ಉತ್ತರ ಆ ‘ಪಾಲು’ ಎಂಬ ಮಾತಿನಲ್ಲೇ ಇದೆ. ಪಾಲೆಂದರೆ ಬರೀ ಹೊಲವಲ್ಲ. ತಾಯಿಯ ಸಮಯ, ತಂದೆಯ ಮೆಚ್ಚುಗೆ, ತಟ್ಟೆಯಲ್ಲಿನ ಮೊಟ್ಟೆ, ಶಾಲೆಯ ಫೀಸು, ಮನೆಗೆಲಸ ಎಲ್ಲವೂ ಪಾಲೇ.

ಪಾಲು ಸಮನಾಗಿದ್ದರೆ ಸಾಕೇ? ಸಾಲದು, ಎಲ್ಲ ವೇಳೆಯಲ್ಲೂ ಅದು ಸಾಧ್ಯವೂ ಅಲ್ಲ. ಜ್ವರ ಬಂದ ತಂಗಿಯ ಹತ್ತಿರ ತಾಯಿ ಹೆಚ್ಚು ಹೊತ್ತು ಕೂರುತ್ತಾಳೆ. 1997ರಲ್ಲಿ ಅಮಂಡಾ ಕೊವಾಲ್ ಮತ್ತು ಲಾರಿ ಕ್ರೇಮರ್ ಎಂಬ ಸಂಶೋಧಕಿಯರು 11ರಿಂದ 13 ವರ್ಷದ ಮಕ್ಕಳನ್ನೇ ಈ ವಿಷಯವಾಗಿ ಮಾತನಾಡಿಸಿದರು. ತಂದೆತಾಯಿ ತಮ್ಮನ್ನು ಬೇರೆ ಬೇರೆಯಾಗಿ ಕಾಣುತ್ತಾರೆಂದು ಹೇಳಿದ ಮಕ್ಕಳೂ, ಬಹುಪಾಲು ಸಂದರ್ಭಗಳಲ್ಲಿ ಅದನ್ನು ಅನ್ಯಾಯವೆನ್ನಲಿಲ್ಲ. ಕಾರಣ ತಿಳಿದು, ಅದು ನ್ಯಾಯವೆಂದು ಒಪ್ಪಿದಲ್ಲಿ ಒಡಹುಟ್ಟಿದವರ ಬಾಂಧವ್ಯ ಚೆನ್ನಾಗಿಯೇ ಇತ್ತು. ಮನಸ್ಸು ಮುರಿಯುವುದು ಕಾರಣ ಹೇಳದೆ ಪಾಲು ಕಡಿಮೆ ಮಾಡಿದಾಗ. ಅದಕ್ಕಿಂತಲೂ ಹೆಚ್ಚಾಗಿ, ಒಬ್ಬರನ್ನು ತೂಕದ ಬಟ್ಟಾಗಿಸಿ ಇನ್ನೊಬ್ಬರನ್ನು ತೂಗಿದಾಗ.

ಆ ತಪ್ಪನ್ನು ನಾನೂ ಮಾಡಿದ್ದೇನೆ. ಎಷ್ಟೋ ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಗಣಿತದ ಉತ್ತರಪತ್ರಿಕೆ ಹಂಚುತ್ತಾ ಒಬ್ಬ ಹುಡುಗನಿಗೆ, “ನಿಮ್ಮಣ್ಣ ಇದೇ ಬೆಂಚಲ್ಲಿ ಕೂತು ತೊಂಬತ್ತು ತೆಗೀತಿದ್ದ ಕಣೋ” ಎಂದೆ. ತರಗತಿ ನಕ್ಕಿತು. ಹುಡುಗ ತಲೆ ತಗ್ಗಿಸಿ, “ಅವನು ನಮ್ಮಣ್ಣ ಸಾರ್, ನಾನಲ್ಲ” ಎಂದ. ಕೆಲವು ದಿನಗಳ ಮೇಲೆ ಅವನ ತಾಯಿ ಸಿಕ್ಕಿ, “ಅದ್ಯಾಕೋ ಗೊತ್ತಿಲ್ಲ ಮೇಷ್ಟ್ರೇ, ಅಣ್ಣನ ಹತ್ರ ಲೆಕ್ಕ ಹೇಳಿಸ್ಕೊಳ್ಳೋದೇ ಬಿಟ್ಬಿಟ್ಟಿದಾನೆ” ಎಂದರು. ಏಕೆಂದು ನನಗೆ ಗೊತ್ತಿತ್ತು. ಅವನಿಗೆ ಮನೆಯಲ್ಲೇ ಇದ್ದ ಗುರುವನ್ನು ನಾನು ಒಂದೇ ವಾಕ್ಯದಲ್ಲಿ ಕಿತ್ತುಕೊಂಡಿದ್ದೆ.

ಇನ್ನು ಹೆಣ್ಣುಮಕ್ಕಳ ಪಾಲಿನ ಮಾತು. ತಾಯಿ ಕೂಲಿಗೆ ಹೋದರೆ ಕೂಸನ್ನು ಸೊಂಟದಲ್ಲಿ ಹೊತ್ತು ನಿಲ್ಲುವವಳು ಅಕ್ಕ. ತಮ್ಮ ಶಾಲೆ ಸೇರುವ ಹೊತ್ತಿಗೆ ಅವಳು ಶಾಲೆ ಬಿಟ್ಟಿರುತ್ತಾಳೆ. 1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಪುಟ್ಟ ಮಕ್ಕಳ ಪೋಷಣೆಗಾಗಿ ಬಂದದ್ದು. ಅಂಗನವಾಡಿ ಚೆನ್ನಾಗಿ ನಡೆದಲ್ಲಿ ಅದು ಅಕ್ಕನನ್ನೂ ಶಾಲೆಗೆ ಕಳಿಸುತ್ತದೆ ಎಂಬುದನ್ನು ಮರೆಯಬಾರದು. ಹಾಗೆಯೇ ಆಸ್ತಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. 2005ರಲ್ಲಿ ಕೇಂದ್ರದ ಕಾನೂನು ಇಡೀ ದೇಶದಲ್ಲಿ ಆ ಹಕ್ಕನ್ನು ಮಗನಿಗೆ ಸಮನಾಗಿ ಕೊಟ್ಟಿತು. ಆದರೂ ಪಾಲು ಕೇಳಿದ ತಂಗಿಗೆ ತವರಿನ ಬಾಗಿಲು ಮುಚ್ಚುವ ಮನೆಗಳಿವೆ. ಕಾನೂನು ಕೊಟ್ಟ ಪಾಲನ್ನು ಅಣ್ಣ ತಾನಾಗಿ ಎತ್ತಿಕೊಟ್ಟರೆ, ಅವಳೂ ದಾಯಾದಿಯೇ. ಆ ಮಾತಿನ ಒಳ್ಳೆಯ ಅರ್ಥದಲ್ಲಿ.

‘ನಮ್ಮ ಮನೆಯಲ್ಲಿ ನಾನೊಬ್ಬನೇ’ ಎನ್ನುವವರು ಈಗ ನಿಮ್ಮಲ್ಲಿ ಹೆಚ್ಚು. 1992-93ರಲ್ಲಿ ಭಾರತದಲ್ಲಿ ಒಬ್ಬ ತಾಯಿಗೆ ಸರಾಸರಿ 3.4 ಮಕ್ಕಳಿದ್ದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು 2ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ 1.7. ಒಂಟಿ ಮಗು ಸ್ವಾರ್ಥಿಯಾಗುತ್ತದೆ ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. 1986ರಲ್ಲಿ ಟೋನಿ ಫಾಲ್ಬೋ ಮತ್ತು ಡೆನಿಸ್ ಪೊಲಿಟ್ 115 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಒಂಟಿ ಮಕ್ಕಳು ಯಾವುದರಲ್ಲೂ ಹಿಂದೆ ಬಿದ್ದಿರಲಿಲ್ಲ. ಚಿಕ್ಕಪ್ಪನ ಮಕ್ಕಳು, ಅತ್ತೆಯ ಮಕ್ಕಳು, ಪಕ್ಕದ ಮನೆಯ ಗೆಳೆಯರು ಇವರೊಡನೆ ಆಡಿ, ಜಗಳವಾಡಿ, ಹಂಚಿಕೊಂಡು ಬೆಳೆದರೆ ಅದೇ ಪಾಠ ದೊರೆಯುತ್ತದೆ.

ಮಿತ್ರರೇ, ನೀವೇನು ಮಾಡಬಹುದು? ಮನೆಗೆ ಪುಟ್ಟ ಪಾಪು ಬಂದಿದ್ದರೆ ಅದರ ಬಗ್ಗೆ ಹಿರಿಯ ಮಗುವಿನೊಡನೆ ಮಾತನಾಡಿ: “ಪಾಪು ಯಾಕೆ ಅಳ್ತಿದೆ ಹೇಳು ನೋಡೋಣ, ಹಸಿವೇನೋ?” ಹೀಗೆ ಪಾಪುವಿಗೂ ಮನಸ್ಸಿದೆ ಎಂಬಂತೆ ತಾಯಂದಿರು ಮಾತನಾಡುತ್ತಿದ್ದ ಮನೆಗಳಲ್ಲಿ ಮಕ್ಕಳ ನಡುವೆ ಪ್ರೀತಿ ಹೆಚ್ಚಾಗಿ ಬೆಳೆದದ್ದನ್ನು ಜೂಡಿ ಡನ್ ಕಂಡಿದ್ದರು. ಯಾರಾದರೂ ನಿಮ್ಮನ್ನು ಅಕ್ಕನೊಡನೆ ಹೋಲಿಸಿದರೆ ಅಕ್ಕನ ಮೇಲೆ ಸಿಟ್ಟಾಗಬೇಡಿ. ತಕ್ಕಡಿ ಹಿಡಿದವಳು ಅವಳಲ್ಲ. ತಮ್ಮನನ್ನು ನಿಮ್ಮೊಡನೆ ಹೋಲಿಸಿ ನಿಮ್ಮನ್ನು ಹೊಗಳಿದಾಗ ಸುಮ್ಮನೆ ಖುಷಿಪಡಬೇಡಿ. “ಅವನಿಗೆ ಚಿತ್ರ ಬರೆಯೋದು ನನಗಿಂತ ಚೆನ್ನಾಗಿ ಬರುತ್ತೆ ಅಪ್ಪಾ” ಎಂದು ಒಂದು ಮಾತು ಸೇರಿಸಿ. ಮನೆಗೆಲಸದಲ್ಲಿ ನಿಮ್ಮ ಪಾಲನ್ನು ಅಕ್ಕ ಮಾಡುತ್ತಿದ್ದರೆ, ಇಂದು ಸಂಜೆಯೇ ಪೊರಕೆಯನ್ನೋ ಪಾತ್ರೆಯನ್ನೋ ಅವಳ ಕೈಯಿಂದ ತೆಗೆದುಕೊಳ್ಳಿ.

ತಂದೆತಾಯಿ ನಮ್ಮ ಬದುಕಿನ ಮೊದಲ ಭಾಗದಲ್ಲಿರುತ್ತಾರೆ, ಮಕ್ಕಳು ಕೊನೆಯ ಭಾಗದಲ್ಲಿರುತ್ತಾರೆ. ಎರಡು ತುದಿಗೂ ಜೊತೆ ಬರಬಲ್ಲವರು ಒಡಹುಟ್ಟಿದವರು. ಮುಂದಿನ ಸಲ ಶ್ರವಣಬೆಳಗೊಳಕ್ಕೆ ಹೋದಾಗ ಆ ಎತ್ತರದ ಮೂರ್ತಿಯ ಕೈಗಳನ್ನು ಗಮನಿಸಿ ನೋಡಿ. ಅಣ್ಣನನ್ನು ಎತ್ತಿ ಹಿಡಿದ ಕೈಗಳು ಅವು. ನೆಲಕ್ಕೆ ಅಪ್ಪಳಿಸದ ಕೈಗಳು.