ನಡುದಾರಿಯ ರೇಡಿಯೋ ಮೌನವಾದಾಗ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹವ್ಯಾಸಿ ರೇಡಿಯೋ ವಿದ್ಯೆಯಲ್ಲಿ ಆಸಕ್ತಿಯುಳ್ಳ ನಮ್ಮ ಚಿಕ್ಕ ಬಳಗವನ್ನು ಇಲ್ಲಿಗೆ ಬರಮಾಡಿಕೊಂಡು, ವಾಹನದಲ್ಲಿರಿಸಿದ ಮರುಪ್ರಸಾರ ಯಂತ್ರವು ಕೈಕೊಟ್ಟಾಗ ದೋಷವನ್ನು ಹುಡುಕುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ಹಬ್ಬದ ಸಂಜೆಗೆ ಇದು ತುಸು ಒಣ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಕೊಚ್ಚಿಹೋದಾಗ, ಹವ್ಯಾಸಿ ರೇಡಿಯೋದವರು ಕಲ್ಪೆಟ್ಟದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಠಾಣೆ ಹೂಡಿ ಸಂದೇಶಗಳನ್ನು ಸಾಗಿಸಿದರೆಂಬುದನ್ನು ಬಲ್ಲವರಿಗೆ ಹಾಗೆ ತೋರಲಾರದು.

ಮೊದಲು ಯಂತ್ರದ ಕೆಲಸವನ್ನು ತಿಳಿಯೋಣ. ಕಾಸರಗೋಡಿನ ಮೂಡಣ ಸೀಮೆಯ ಅಡಿಕೆ ತೋಟವೊಂದನ್ನು ನೆನೆಯಿರಿ. ಮೂರು ಕಡೆ ಗುಡ್ಡ, ನಡುವೆ ತೋಡು. ಅಲ್ಲಿ ನಿಂತವನ ಕೈಯ ವಾಕಿಟಾಕಿಯ ಶಕ್ತಿ ಐದು ವಾಟು ಮಾತ್ರ. ಗುಡ್ಡದ ಮರೆಯಿಂದ ಅದರ ಅಲೆಯು ದೂರದ ಶಿಖರದ ಮರುಪ್ರಸಾರ ಕೇಂದ್ರವನ್ನು ಮುಟ್ಟಲಾರದು. ಆಗ ಕಣಿವೆಯೂ ಶಿಖರವೂ ಎರಡೂ ಕಾಣುವಂಥ ಏರಿನಲ್ಲಿ ಒಂದು ಜೀಪನ್ನು ನಿಲ್ಲಿಸುವುದುಂಟು. ಜೀಪಿನ ರೇಡಿಯೋ ತೋಟದವನ ಮಾತನ್ನು 70 ಸೆಂಟಿಮೀಟರ್ ಅಲೆಯ ಪಟ್ಟಿಯಲ್ಲಿ ಕೇಳಿ, ಅದೇ ಕ್ಷಣದಲ್ಲಿ 2 ಮೀಟರ್ ಅಲೆಯ ಪಟ್ಟಿಯಲ್ಲಿ ಶಿಖರಕ್ಕೆ ಕಳುಹುತ್ತದೆ. ಶಿಖರದಿಂದ ಬಂದ ಉತ್ತರವನ್ನು ಹಾಗೆಯೇ ಹಿಂದಕ್ಕೆ ದಾಟಿಸುತ್ತದೆ. ಹೊಳೆಯ ನಡುವೆ ನಿಂತು ಈ ದಡದವರ ಮಾತನ್ನು ಆ ದಡಕ್ಕೆ ಕೂಗಿ ಹೇಳುವ ಅಂಬಿಗನ ಕೆಲಸವಿದು.

ಅಂಬಿಗನು ಸುಮ್ಮನಾದನೆನ್ನೋಣ. ಆಗ ಅನನುಭವಿಗಳು ಮಾಡುವ ಮೊದಲ ಕೆಲಸವೆಂದರೆ ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತುವುದು. ಇದರಿಂದ ಒಂದಿದ್ದ ದೋಷ ಮೂರಾಗುತ್ತದೆ. ಇಲ್ಲಿ ಹಾದಿ ಒಂದಲ್ಲ, ಎರಡು ಎಂಬುದನ್ನು ನೆನಪಿನಲ್ಲಿಡಬೇಕು. ಮರುಪ್ರಸಾರದ ಏರ್ಪಾಟನ್ನು ನಿಲ್ಲಿಸಿ, ಜೀಪಿನಲ್ಲಿಯೇ ಕುಳಿತು 2 ಮೀಟರ್ ಪಟ್ಟಿಯಲ್ಲಿ ಶಿಖರವನ್ನು ಕರೆಯಿರಿ. ಉತ್ತರ ಬಂದರೆ ಆ ಹಾದಿ ಸರಿಯಿದೆ. ಬಳಿಕ ತೋಟದವನು ವಾಕಿಟಾಕಿಯಿಂದ ಜೀಪನ್ನೇ ಕರೆಯಲಿ. ಎರಡೂ ಬಿಡಿಬಿಡಿಯಾಗಿ ಸರಿಯಿದ್ದು, ಕೂಡಿಸಿದಾಗ ಮಾತ್ರ ಕೆಡುವುದಾದರೆ ದೋಷವು ಕೂಡಿಕೆಯಲ್ಲಿದೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಆದರೂ ಇದನ್ನು ಮಾಡುವವರು ವಿರಳ.

ಬಹುಸಲ ದೋಷವಿರುವುದು ಗುರುತಿನ ಸ್ವರದಲ್ಲಿ. ಮಾತಿನೊಡನೆ ಒಂದು ಮಂದ್ರ ಸ್ವರವನ್ನೂ, ಉದಾಹರಣೆಗೆ ಸೆಕೆಂಡಿಗೆ 88.5 ಕಂಪನದ್ದನ್ನು, ಕಳುಹಿಸುವ ಪದ್ಧತಿಯುಂಟು. ಹೆಸರು ಹೇಳಿದವರಿಗಷ್ಟೇ ಅಗುಳಿ ತೆಗೆಯುವ ಮನೆಯಂತೆ, ಆ ಸ್ವರ ಕೇಳಿಸಿದಾಗ ಮಾತ್ರ ಯಂತ್ರವು ಬಾಯಿ ತೆರೆಯುತ್ತದೆ. ವಾಕಿಟಾಕಿಯಲ್ಲಿ ಒಂದು ಸ್ವರ, ಜೀಪಿನಲ್ಲಿ ಇನ್ನೊಂದು ಇದ್ದರೆ ತೋಟದವನು ಗಂಟಲು ಹರಿಯುವಂತೆ ಕೂಗಿದರೂ ಫಲವಿಲ್ಲ. ಶಿಖರದ ಕೇಂದ್ರಕ್ಕೂ ತನ್ನದೇ ಆದ ಸ್ವರವಿರಬಹುದಾದುದರಿಂದ ಜೀಪು ಅದನ್ನೂ ಸೇರಿಸಿ ಕಳುಹಬೇಕು.

ಸ್ವರದ ಕಾವಲನ್ನೇ ಇಡದಿದ್ದರೆ ಇನ್ನೂ ದೊಡ್ಡ ಕೇಡು. ಮೊಬೈಲ್ ಚಾರ್ಜರು, ಅಗ್ಗದ ಎಲ್‌ಇಡಿ ದೀಪ, ಎಂಜಿನ್ನು ಇವುಗಳ ಗೊರಗೊರ ಸದ್ದನ್ನೇ ಮಾತೆಂದು ಬಗೆದು ಜೀಪಿನ ರೇಡಿಯೋ ಎಡೆಬಿಡದೆ ಶಿಖರಕ್ಕೆ ಕಳುಹತೊಡಗುತ್ತದೆ. ಶಿಖರದ ಕೇಂದ್ರವು ಆ ಸದ್ದನ್ನು ಊರಿಗೆಲ್ಲ ಸಾರುತ್ತದೆ. ಯಾರೋ ಆಂಬ್ಯುಲೆನ್ಸಿಗಾಗಿ ಕರೆಯುತ್ತಿದ್ದರೆ ಆ ಕರೆ ಅದರಡಿ ಹೂತುಹೋಗುತ್ತದೆ. ಮೌನವಾದ ಯಂತ್ರದಿಂದ ತೋಟದವನೊಬ್ಬನಿಗೆ ತೊಂದರೆ. ಬಾಯಿ ಮುಚ್ಚದ ಯಂತ್ರದಿಂದ ಎಲ್ಲರಿಗೂ ತೊಂದರೆ. ಹೀಗಾದಾಗ ಚಾರ್ಜರನ್ನು ಕೀಳಿರಿ, ದೀಪ ಆರಿಸಿರಿ, ಎಂಜಿನ್ನು ನಿಲ್ಲಿಸಿರಿ. ಒಂದೊಂದಾದ ಮೇಲೆಯೂ ರೇಡಿಯೋದ ಮುಖದ ಮೇಲಿನ ಸೂಚಕವನ್ನು ನೋಡಿರಿ. ಕಳ್ಳನು ತಾನಾಗಿ ಸಿಕ್ಕಿಬೀಳುತ್ತಾನೆ.

ಹಿರಿಯ ತರಗತಿಯವರು ಒಂದು ಲೆಕ್ಕವನ್ನು ಮಾಡಿ ನೋಡಲಿ. ನಮ್ಮ ದೇಶದಲ್ಲಿ ಹವ್ಯಾಸಿಗಳ 2 ಮೀಟರ್ ಪಟ್ಟಿಯು 144ರಿಂದ 146 ಮೆಗಾಹರ್ಟ್ಸ್, 70 ಸೆಂಟಿಮೀಟರ್ ಪಟ್ಟಿಯು 434ರಿಂದ 438 ಮೆಗಾಹರ್ಟ್ಸ್. ಪ್ರೇಷಕವು ತನ್ನ ಮೂಲ ಕಂಪನದೊಡನೆ ಅದರ ಎರಡರಷ್ಟು, ಮೂರರಷ್ಟರ ಕಂಪನಗಳನ್ನೂ ಕ್ಷೀಣವಾಗಿ ಹೊರಸೂಸುತ್ತದೆ. 145.2ನ್ನು ಮೂರರಿಂದ ಗುಣಿಸಿರಿ: 435.6. ಜೀಪು 145.2ರಲ್ಲಿ ಮಾತನಾಡುತ್ತ 435.6ರಲ್ಲಿ ಕೇಳುವಂತೆ ಇಟ್ಟಿದ್ದರೆ, ತನ್ನ ದನಿಯೇ ತನ್ನ ಕಿವಿಗೆ ಬಡಿದು ತೋಟದವನ ಸಣ್ಣ ದನಿ ಮುಳುಗಿಹೋಗುತ್ತದೆ. ಗುಣಾಕಾರದ ಉತ್ತರದಿಂದ ದೂರವಾದ ಜಾಗವನ್ನು ಆರಿಸುವುದೇ ಇದಕ್ಕೆ ಪರಿಹಾರ.

ಯಂತ್ರದಲ್ಲಿ ದೋಷವಿಲ್ಲದಿದ್ದರೂ ದೋಷವಿದ್ದಂತೆ ಕಾಣುವ ಒಂದು ಸಂದರ್ಭವುಂಟು. ಶಿಖರದ ಕೇಂದ್ರವು ಮಾತು ಮುಗಿದ ಮೇಲೆಯೂ ಕೆಲವು ಸೆಕೆಂಡು ಅಲೆಯನ್ನು ನಿಲ್ಲಿಸುವುದಿಲ್ಲ. ಅಷ್ಟು ಹೊತ್ತು ಜೀಪು ಆ ಮೌನವನ್ನೇ ತೋಟಕ್ಕೆ ದಾಟಿಸುತ್ತಿರುವುದರಿಂದ, ಅದಕ್ಕೆ ತೋಟದ ದನಿ ಕೇಳಿಸದು. ಅವಸರದಲ್ಲಿ ಗುಂಡಿ ಒತ್ತಿ ಮಾತನಾಡಿದವನ ಮೊದಲ ವಾಕ್ಯ ಗಾಳಿಗೆ ಹೋಗುತ್ತದೆ. ಮಾತಿರುವಾಗ ಮಾತ್ರ ಸ್ವರ ಕಳುಹುವ ಕೇಂದ್ರವಾದರೆ ಜೀಪಿನ ಆ ಕಡೆಯ ಕಿವಿಗೂ ಸ್ವರದ ಕಾವಲಿಟ್ಟು ಪಾರಾಗಬಹುದು. ಇಲ್ಲವಾದರೆ ಆ ಅಲೆ ನಿಲ್ಲುವವರೆಗೆ ಕಾಯುವುದೇ ದಾರಿ. ಎದುರಿನವರೂ ಮಾತಿನ ನಡುವೆ ಸಾಕಷ್ಟು ಬಿಡುವು ಕೊಡಬೇಕು.

ಶಾಖ ಮತ್ತು ಬ್ಯಾಟರಿಗಳ ವಿಷಯ. ಐವತ್ತು ವಾಟು ಹೊರಸೂಸುವ ರೇಡಿಯೋ 13.8 ವೋಲ್ಟಿನಲ್ಲಿ ಸುಮಾರು 11 ಆಂಪಿಯರ್ ಎಳೆದರೆ ಒಳಗೆ ಹೋದದ್ದು 150 ವಾಟು. ಉಳಿದ ನೂರು ವಾಟು ಶಾಖವಾಗುತ್ತದೆ. ಉರಿಯುವ ನೂರು ವಾಟಿನ ಹಳೆಯ ಬಲ್ಬನ್ನು ಸೀಟಿನಡಿ ಗೋಣಿಚೀಲದಲ್ಲಿ ಸುತ್ತಿಟ್ಟಂತೆ! ಶಿಖರವು ಕಣ್ಣಿಗೆ ಕಾಣುವಂತಿರುವಾಗ ಐದು ಹತ್ತು ವಾಟು ಧಾರಾಳ. ತಂತಿಯೂ ತೆಳುವಾಗಿರಬಾರದು: 0.1 ಓಮ್ ಅಡ್ಡಿಯಿದ್ದರೂ 11 ಆಂಪಿಯರಿಗೆ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆಯುತ್ತದೆ. ಆದುದರಿಂದ ವೋಲ್ಟನ್ನು ಬ್ಯಾಟರಿಯ ತುದಿಯಲ್ಲಲ್ಲ, ರೇಡಿಯೋದ ತುದಿಯಲ್ಲಿ, ಅದೂ ಪ್ರಸಾರ ನಡೆಯುತ್ತಿರುವಾಗ ಅಳೆಯಬೇಕು. ಎಂಜಿನ್ನು ನಿಲ್ಲಿಸಿ ಇರುಳೆಲ್ಲ ನಡೆಸಿದರೆ ಬೆಳಗ್ಗೆ ಜೀಪನ್ನು ತಳ್ಳುವ ಪಾಡು ಬರುವುದು ಖಂಡಿತ.

ಆಂಟೆನಾದ ಬುಡ ಸಡಿಲವಾಗಿದೆಯೇ, ಮಳೆನೀರು ಇಳಿದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದರೆ ಅರ್ಧ ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೊತ್ತಿಗೆ ಮೊದಲೇ ನೋಡಿಕೊಳ್ಳಬೇಕು. ಬಹಳ ಹೊತ್ತು ಗುಂಡಿ ಮುಟ್ಟದಿದ್ದರೆ ತಾನಾಗಿ ಆರಿಹೋಗುವ ಏರ್ಪಾಟು ಹಲವು ರೇಡಿಯೋಗಳಲ್ಲಿದೆ, ಅದನ್ನು ತೆಗೆದಿಡಬೇಕು. ಆದರೆ ಎಡೆಬಿಡದ ಪ್ರಸಾರವನ್ನು ಕೆಲವು ನಿಮಿಷಗಳ ಬಳಿಕ ಕತ್ತರಿಸುವ ಏರ್ಪಾಟನ್ನು ಎಂದಿಗೂ ತೆಗೆಯಬಾರದು. ಇವೆಲ್ಲ ಇದ್ದರೂ ಜೀಪಿನ ಬಳಿ ಒಬ್ಬರು ಕಾವಲಿರಬೇಕು. ಈ ಕೆಲಸ ನಮ್ಮಲ್ಲಿ ಯಾರಿಗೂ ಇಷ್ಟವಿಲ್ಲವಾದುದರಿಂದ ಚೀಟಿ ಎತ್ತಿ ಗೊತ್ತುಮಾಡುತ್ತೇವೆ.

ರೇಡಿಯೋವನ್ನೂ ಆಂಟೆನಾವನ್ನೂ ವೇದಿಕೆಯ ಪಕ್ಕದ ಮೇಜಿನ ಮೇಲೆ ಇರಿಸಿದ್ದೇವೆ. ಮಕ್ಕಳು ಬಂದು ನೋಡಲಿ, ಪ್ರಶ್ನೆಗಳನ್ನು ಕೇಳಲಿ. ಮಾತಿನ ಗುಂಡಿಯನ್ನು ಮಾತ್ರ ಪರವಾನಗಿ ಪಡೆದವರ ಕೈಗೆ ಬಿಡಬೇಕೆಂದು ವಿನಂತಿ.