ಅಂತರವೂ ಅಂತಃಕರಣವೂ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಕೊರೋನಾ ಎಂಬ ಮಹಾಮಾರಿಯು ಬಂದುಹೋಗಿ ಕೆಲವು ವರ್ಷಗಳು ಸಂದಿವೆ. ಅದರ ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಸಂಸ್ಥೆಯ ಲೆಕ್ಕದಲ್ಲಿ ಅದು ಮುಗಿದಿರಬಹುದು. ಊರೊಳಗಿನ ಮನಸ್ಸುಗಳಲ್ಲಿ ಮುಗಿದಿದೆಯೇ? ಇಂದಿಗೂ ಮಠಕ್ಕೆ ಬರುವ ಭಕ್ತರು ತಮ್ಮ ಕಷ್ಟಸುಖವನ್ನು ಹೇಳಿಕೊಳ್ಳುವಾಗ ಮಾತು ತಿರುಗಿ ತಿರುಗಿ ಆ ದಿನಗಳಿಗೇ ಹೋಗಿ ನಿಲ್ಲುತ್ತದೆ. “ನಮ್ಮಪ್ಪ ತೀರಿದಾಗ ಅವರು ಬಾಗಿಲ ತನಕ ಬರಲಿಲ್ರೀ ಅಜ್ಜಾರ” ಎಂದು ಒಬ್ಬರು. “ನಮ್ಮ ಮನಿಗೆ ಪಟ್ಟಿ ಹಚ್ಚಿದಾಗ ಬಾವಿ ನೀರು ತರಾಕ ಬಿಡಲಿಲ್ರೀ” ಎಂದು ಇನ್ನೊಬ್ಬರು. ಒಂದೇ ಓಣಿಯಲ್ಲಿದ್ದು ಮಾತು ಬಿಟ್ಟ ಮನೆಗಳಿವೆ. ರೋಗವು ಶರೀರವನ್ನು ಬಿಟ್ಟು ಹೋಗಿ ಮನಸ್ಸಿನಲ್ಲಿ ಮನೆ ಮಾಡಿದರೆ ಅದಕ್ಕೆ ಯಾವ ವೈದ್ಯನು ಮದ್ದು ಕೊಟ್ಟಾನು? ಆದುದರಿಂದ ಈ ವಿಷಯವನ್ನು ಇಂದು ಬಿಚ್ಚಿ ನೋಡುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ.

ಭಾರತದಲ್ಲಿ ಈ ರೋಗದಿಂದಾದ ಮೊದಲನೆಯ ಮರಣವು 2020ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಕಲಬುರಗಿಯಲ್ಲೇ ಸಂಭವಿಸಿತು. ಅದೇ ತಿಂಗಳ 22ರಂದು ಜನತಾ ಕರ್ಫ್ಯೂ. ಜನರು ಗಂಟೆ ಜಾಗಟೆ ಬಾರಿಸಿದರು, ತಾಟು ಬಡಿದರು. 25ರಿಂದ ಇಪ್ಪತ್ತೊಂದು ದಿನಗಳ ದಿಗ್ಬಂಧನ. ಆ ಮೊದಲನೆಯ ದಿನವು ಯುಗಾದಿ ಎಂಬುದನ್ನು ನೀವು ಮರೆತಿರಲಾರಿರಿ. ಬೇವು ಬೆಲ್ಲವನ್ನು ಹಂಚುವ ದಿನ ಹಂಚಲು ನೆರೆಯವರ ಮನೆಗೆ ಹೋಗುವಂತಿರಲಿಲ್ಲ. ಆ ವರ್ಷವೂ ಮರುವರ್ಷವೂ ಬಸವ ಜಯಂತಿಯು ಮೆರವಣಿಗೆಯಿಲ್ಲದೆ ಸಾಗಿತು. ಮದುವೆಗೆ ಐವತ್ತು ಜನ, ಮಣ್ಣಿಗೆ ಇಪ್ಪತ್ತು ಜನ ಎಂಬ ಎಣಿಕೆ ಬಂದಿತು. ಸಾವಿರ ಎಲೆ ಹಾಕದಿದ್ದರೆ ಮದುವೆಯೇ ಅಲ್ಲವೆಂದು ತಿಳಿದಿದ್ದ ಜನರಿಗೆ ಇದು ದೊಡ್ಡ ಆಘಾತ. ಕೆಲವರು ಸಿಟ್ಟಾದರು, ಕೆಲವರು ನಕ್ಕರು, ಕೆಲವರು ಪೊಲೀಸರನ್ನು ಕಂಡಾಗ ಮಾತ್ರ ಮುಖವಸ್ತ್ರವನ್ನು ಮೇಲೆಳೆದುಕೊಂಡರು. ಮೂಗನ್ನು ಹೊರಗೆ ಬಿಟ್ಟು ಗದ್ದಕ್ಕೆ ವಸ್ತ್ರ ಕಟ್ಟಿಕೊಂಡವರಿಗೆ ಲೆಕ್ಕವಿಲ್ಲ. ಕರಡಿಗೆಯನ್ನು ಕಟ್ಟಿಕೊಂಡು ಲಿಂಗವನ್ನು ಮನೆಯಲ್ಲಿ ಬಿಟ್ಟುಬಂದವನಿಗೂ ಇವನಿಗೂ ಏನು ಭೇದ? ಆಚಾರದ ಅರ್ಥ ತಿಳಿಯದೆ ಅಂಜಿಕೆಗೆ ಆಚರಿಸುವುದು ಎಲ್ಲೆಡೆಯೂ ಒಂದೇ ಬಗೆಯ ವೇಷ.

ಆಗ ಭಕ್ತರು ಕೇಳಿದ ಮೊದಲನೆಯ ಪ್ರಶ್ನೆ ಇದು. “ಬಸವಾದಿ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದರು. ಈಗ ಮುಟ್ಟಬೇಡ, ಹತ್ತಿರ ಬರಬೇಡ ಎಂದರೆ ಸೂತಕವನ್ನು ಮತ್ತೆ ಒಳಗೆ ಕರೆದಂತಾಗಲಿಲ್ಲವೇ?” ಪ್ರಶ್ನೆ ಗಂಭೀರವಾದುದು. ಪಾದೋದಕವನ್ನು ನಿಲ್ಲಿಸಿ, ಪಾದಮುಟ್ಟಿ ನಮಸ್ಕರಿಸುವುದನ್ನು ಬಿಡಿಸಿ, ತೇರನ್ನು ಎಳೆಯುವುದು ಬೇಡವೆಂದು ನಾವು ಹೇಳಿದಾಗ ಹಿರಿಯರು ಅನೇಕರು ನೊಂದುಕೊಂಡರು. ತೇರು ನಿಂತರೆ ಊರಿಗೆ ಕೇಡೆಂದರು.

ಸೂತಕಕ್ಕೂ ಅಂತರಕ್ಕೂ ಇರುವ ಭೇದವನ್ನು ವಿಚಾರಿಸೋಣ. ಸೂತಕವು ಮನುಷ್ಯನನ್ನು ಹೊಲೆಯೆಂದು ಎಣಿಸುತ್ತದೆ. ಅಂತರವು ರೋಗವನ್ನು ಮಾತ್ರ ದೂರವಿಡುತ್ತದೆ. ಜಾತಿಸೂತಕವು ಒಂದೇ ಕಡೆಗೆ ಹರಿಯುವ ನೀರು; ಮೇಲಿನವನು ಕೆಳಗಿನವನನ್ನು ದೂರವಿಡುತ್ತಾನೆಯೇ ಹೊರತು ತಾನು ದೂರ ನಿಲ್ಲುವುದಿಲ್ಲ. ಅಂತರವಾದರೋ ಗುರುವಿಗೂ ಶಿಷ್ಯನಿಗೂ, ಸಾಹುಕಾರನಿಗೂ ಆಳಿಗೂ ಸಮಾನ. ಜಾತಿಸೂತಕಕ್ಕೆ ಕೊನೆಯ ದಿನವಿಲ್ಲ. ಅಂತರವು ಜ್ವರದೊಡನೆ ಮುಗಿಯುತ್ತದೆ. ಈ ಮೂರು ಒರೆಗಲ್ಲಿಗೆ ಹಚ್ಚಿ ನಿಮ್ಮ ನಿಮ್ಮ ನಡತೆಯನ್ನು ನೋಡಿಕೊಳ್ಳಿರಿ. ರೋಗಿಯು ಗುಣವಾಗಿ ತಿಂಗಳು ಕಳೆದರೂ ಅವನ ಅಂಗಡಿಯಲ್ಲಿ ಸಾಮಾನು ಕೊಳ್ಳದವನು ಆಚರಿಸಿದ್ದು ಅಂತರವಲ್ಲ, ಸೂತಕ. ಮನೆಮನೆಗೆ ಜ್ವರ ವಿಚಾರಿಸಲು ಬಂದ ಆಶಾ ಕಾರ್ಯಕರ್ತೆಯನ್ನು ಬೈದು ಅಟ್ಟಿದವನು ಮಾಡಿದ್ದು ಸೂತಕ. ಮುಂಬಯಿಯಿಂದ ಕಾಲ್ನಡಿಗೆಯಲ್ಲಿ ಬಂದ ತನ್ನೂರ ಕೂಲಿಯವನಿಗೆ ಶಾಲೆಯ ಕಟ್ಟೆಯ ಮೇಲೆ ಇರಲು ಹೇಳಿ, ಎರಡು ಹೊತ್ತು ಬುತ್ತಿ ಕಳಿಸಿದವನು ಆಚರಿಸಿದ್ದು ಅಂತರ. ಬುತ್ತಿ ಹೋಯಿತೋ ಇಲ್ಲವೋ ಎಂಬುದರಲ್ಲೇ ಎಲ್ಲ ಭೇದವೂ ಅಡಗಿದೆ.

ಈ ಅಂತರವೆಂಬುದು ಪರದೇಶದಿಂದ ಬಂದ ಹೊಸ ಮಾತೂ ಅಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕೆಲವು ರೋಗಗಳು ಮನುಷ್ಯನಿಂದ ಮನುಷ್ಯನಿಗೆ ಸಂಕ್ರಮಿಸುವ ದಾರಿಗಳನ್ನು ಹೇಳಿದೆ. ಮೈಮುಟ್ಟುವುದು, ಉಸಿರು, ಸಹಭೋಜನ, ಒಂದೇ ಹಾಸಿಗೆ ಆಸನ, ಒಬ್ಬರ ವಸ್ತ್ರ ಮಾಲೆಗಳನ್ನು ಇನ್ನೊಬ್ಬರು ಧರಿಸುವುದು ಇವೇ ಆ ದಾರಿಗಳು. ನಮ್ಮ ಹಿರಿಯರ ಅನುಭವವೂ ಇದನ್ನೇ ಹೇಳುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ಧಾರವಾಡ, ಹುಬ್ಬಳ್ಳಿಗಳನ್ನು ಹೊಕ್ಕು, 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಆಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರು. ಅದನ್ನು ಯಾರೂ ಧರ್ಮಲೋಪವೆನ್ನಲಿಲ್ಲ. ಮೈಮೇಲೆ ಲಿಂಗವಿರುವವನಿಗೆ ಹೊಲವೂ ಮಠವೇ. ತೇರಿನ ಹಗ್ಗವನ್ನು ಒಂದು ವರ್ಷ ಹಿಡಿಯದಿದ್ದರೆ ಶಿವನು ಮುನಿಯುವನೆಂದು ತಿಳಿಯುವುದು ಶಿವನನ್ನು ಅರಿಯದವರ ಮಾತು.

ಎರಡನೆಯ ಪ್ರಶ್ನೆ ರೋಗನಿರೋಧಕ ಶಕ್ತಿಯದು. ಒಬ್ಬ ತರುಣ ರೈತನು ನಮ್ಮೆದುರಿಗೇ, “ಅಜ್ಜಾರ, ನಾವು ಜೋಳದ ರೊಟ್ಟಿ ಉಂಡು ಬಿಸಲಾಗ ದುಡಿಯೋ ಮಂದಿ. ನಮಗೇನ ಆಗೂದೈತ್ರೀ? ಇದು ಪ್ಯಾಟಿ ಮಂದಿ ರೋಗ” ಎಂದನು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆಯು ಹಳ್ಳಿಗಳನ್ನು ಹೊಕ್ಕಾಗ ರೊಟ್ಟಿ ಉಂಡವರನ್ನೂ ಬಿಡಲಿಲ್ಲ, ಅನ್ನ ಉಂಡವರನ್ನೂ ಬಿಡಲಿಲ್ಲ.

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಊರಿಗೆ ಊರೇ, ನಾಡಿಗೆ ನಾಡೇ ನಾಶವಾಗುವ ವ್ಯಾಧಿಗಳ ವಿಚಾರ ಅಲ್ಲಿದೆ. ಪಾಂಚಾಲದ ಕಾಂಪಿಲ್ಯದಲ್ಲಿ, ಬೇಸಗೆಯ ಕೊನೆಯ ತಿಂಗಳಲ್ಲಿ, ಗಂಗಾತೀರದಲ್ಲಿ ಸಂಚರಿಸುತ್ತ ಆತ್ರೇಯ ಮಹರ್ಷಿಯು ಶಿಷ್ಯನಾದ ಅಗ್ನಿವೇಶನಿಗೆ ಇದನ್ನು ಬೋಧಿಸಿದನು. ಅಗ್ನಿವೇಶನ ಪ್ರಶ್ನೆ ನಮ್ಮ ರೈತನ ಪ್ರಶ್ನೆಯೇ. ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹೀಗಿರುವಾಗ ಒಂದೇ ಕಾಲಕ್ಕೆ ಒಂದೇ ರೋಗವು ಎಲ್ಲರನ್ನೂ ಹೇಗೆ ಹಿಡಿಯುತ್ತದೆ? ಮಹರ್ಷಿಯ ಉತ್ತರವಿದು: ಆಹಾರಾದಿಗಳು ಬೇರೆಯಾದರೂ ಗಾಳಿ, ನೀರು, ನೆಲ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯ, ಇವು ಕೆಟ್ಟಾಗ ಎಲ್ಲರೂ ಸಿಲುಕುತ್ತಾರೆ. ನೆಲವು ಸಾರಗೆಡುವ ಮೊದಲೇ ಔಷಧಿಗಳನ್ನು ಸಂಗ್ರಹಿಸಿಡಬೇಕೆಂದೂ ಆತನು ಎಚ್ಚರಿಸುತ್ತಾನೆ. ಮನೆಗೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡಬಾರದೆಂಬ ನಮ್ಮ ಗಾದೆಯ ತಾತ್ಪರ್ಯವೂ ಇದೇ. ಅದೇ ಚರಕನು ಸೂತ್ರಸ್ಥಾನದಲ್ಲಿ ವ್ಯಾಧಿಕ್ಷಮತ್ವವೆಂಬ ಮಾತನ್ನು ಬಳಸಿ, ವ್ಯಾಧಿಯನ್ನು ತಾಳುವ ಶಕ್ತಿಯು ಎಲ್ಲ ಶರೀರಗಳಿಗೂ ಇರದೆಂದು ಹೇಳಿದ್ದಾನೆ. ಒಳ್ಳೆಯ ಆಹಾರ, ನಿದ್ರೆ, ಮಿತವಾದ ದುಡಿಮೆ ಶರೀರಕ್ಕೆ ಬಲ ಕೊಡುತ್ತವೆ, ನಿಜ. ಆದರೆ ಬಲವೇ ಕವಚವಲ್ಲ. ಶುಂಠಿ ಮೆಣಸಿನ ಕಷಾಯವು ಗಂಟಲಿಗೆ ಹಿತ. ಅದನ್ನೇ ಕೊಡಗಟ್ಟಲೆ ಕುಡಿದು ಜಾತ್ರೆಗೆ ನುಗ್ಗುವುದು ಅವಿವೇಕ.

ಆಧುನಿಕ ವೈದ್ಯಶಾಸ್ತ್ರವು ಹೇಳುವ ರೋಗನಿರೋಧಕ ಶಕ್ತಿಯನ್ನು ಊರ ತಳವಾರನಿಗೆ ಹೋಲಿಸಬಹುದು. ಕಳ್ಳನ ಮುಖವನ್ನು ಒಮ್ಮೆ ಕಂಡ ತಳವಾರನು ಎರಡನೆಯ ಸಲ ಬೇಗ ಗುರುತು ಹಿಡಿಯುತ್ತಾನೆ. “ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲವೇ?” ಎಂದು ಕೇಳಿದವರಿಗೆ ಇದೇ ಉತ್ತರ. ಕೆಲವು ಕಳ್ಳರ ಮುಖವನ್ನು ತಳವಾರನು ಜನ್ಮವಿಡೀ ಮರೆಯನು. ಸಿಡುಬು ಒಮ್ಮೆ ಬಂದವರಿಗೆ ಮತ್ತೆ ಬರುವುದು ತೀರ ವಿರಳವಾಗಿತ್ತು. ಕೆಲವರ ಮುಖವನ್ನು ಬೇಗ ಮರೆಯುತ್ತಾನೆ. ನೆಗಡಿಯು ವರ್ಷವರ್ಷವೂ ಬರುವುದಕ್ಕೆ ಇದೂ ಒಂದು ಕಾರಣ. ಕೊರೋನಾದ ಕಳ್ಳನು ವೇಷ ಬದಲಿಸುವುದರಲ್ಲಿ ನಿಪುಣ. ಓಮೈಕ್ರಾನ್ ಎಂಬ ಅದರ ವೇಷಾಂತರದ ಮೊದಲ ಎರಡು ಪ್ರಕರಣಗಳು ಭಾರತದೊಳಗೆ 2021ರ ಡಿಸೆಂಬರ್ 2ರಂದು ವರದಿಯಾದದ್ದು ನಮ್ಮ ಕರ್ನಾಟಕದಿಂದಲೇ.

ಲಸಿಕೆಯೆಂದರೆ ಕಳ್ಳನು ಬರುವ ಮೊದಲೇ ಅವನ ಗುರುತನ್ನು ತಳವಾರನಿಗೆ ತೋರಿಸಿಡುವುದು. ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಅದು ಮೊದಲಾಯಿತು. ಅದೇ ವರ್ಷದ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸುಗಳು ಮುಗಿದವು. “ಎರಡು ಸೂಜಿ ಚುಚ್ಚಿಸಿಕೊಂಡ ಮೇಲೂ ನನಗೆ ಬಂತಲ್ಲ?” ಎಂದು ಕೇಳುವವರಿದ್ದಾರೆ. ಕಳ್ಳನು ಅಂಗಳಕ್ಕೆ ಕಾಲಿಟ್ಟಿರಬಹುದು. ಹಗೇವಿನ ಕಾಳಿಗೆ ಕೈಹಾಕಲು ಆಗಲಿಲ್ಲವಷ್ಟೇ. ಲಸಿಕೆಯು ಸೋಂಕನ್ನು ಪೂರ್ಣವಾಗಿ ತಡೆಯದಿದ್ದರೂ ಕಠಿಣ ಬೇನೆಯನ್ನೂ ಮರಣವನ್ನೂ ಬಹಳಷ್ಟು ತಡೆಯಿತು. “ಎರಡು ಡೋಸುಗಳ ನಡುವಣ ಅವಧಿಯನ್ನು ಮೇಲಿಂದ ಮೇಲೆ ಬದಲಿಸಿದರಲ್ಲ, ಇವರಿಗೇ ಗೊತ್ತಿಲ್ಲ” ಎಂದೂ ಕೆಲವರು ನಕ್ಕರು. ಕೋವಿಶೀಲ್ಡಿನ ಅವಧಿಯು ಮೊದಲು ನಾಲ್ಕರಿಂದ ಆರು ವಾರ, ಬಳಿಕ ಆರರಿಂದ ಎಂಟು, ಆಮೇಲೆ ಹನ್ನೆರಡರಿಂದ ಹದಿನಾರು ವಾರವಾಯಿತು. ಬೆಳೆಯನ್ನು ನೋಡಿ ಎಡೆ ಹೊಡೆಯುವ ದಿನವನ್ನು ಮುಂದೂಡುವ ಒಕ್ಕಲಿಗನನ್ನು ನಾವು ಅಜ್ಞಾನಿ ಎನ್ನುವೆವೇ? ಕಂಡದ್ದನ್ನು ಕಂಡಂತೆ ತಿದ್ದಿಕೊಳ್ಳುವುದು ಜ್ಞಾನದ ಲಕ್ಷಣ.

“ಶಿವನನ್ನು ನಂಬಿದವನಿಗೆ ಸೂಜಿ ಏಕೆ?” ಎಂಬುದು ಇನ್ನು ಕೆಲವರ ವೈರಾಗ್ಯ. ಕುಮಾರಸಂಭವ ಕಾವ್ಯದಲ್ಲಿ ಉಗ್ರ ತಪಸ್ಸಿನಲ್ಲಿದ್ದ ಪಾರ್ವತಿಯ ಬಳಿಗೆ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಅವಳ ಶರೀರಶಕ್ತಿಗೆ ತಕ್ಕಂತೆ ತಪಸ್ಸು ನಡೆದಿದೆಯೇ ಎಂದು ವಿಚಾರಿಸುತ್ತಾನೆ. ಶಿವನೇ ಶರೀರದ ಯೋಗಕ್ಷೇಮವನ್ನು ಕೇಳಿದ ಮೇಲೆ ನಾವು ಯಾರು ಅದನ್ನು ತುಚ್ಛವೆನ್ನಲು? ಲಿಂಗವನ್ನು ಹೊತ್ತ ಅಂಗವನ್ನು ಕಾಯುವುದೂ ಪೂಜೆಯ ಅಂಗವೇ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿರಿ. ಬಲವಾದ ಮೈಯ ಮಗನು ತಾನು ನರಳದೆಯೇ ರೋಗವನ್ನು ಹೊತ್ತು ತಂದು ಒಲೆಯ ಮುಂದೆ ಕುಳಿತ ತಾಯಿಗೆ ಕೊಡಬಲ್ಲನು. ನಿನ್ನ ಗಟ್ಟಿತನವು ನಿನ್ನೊಬ್ಬನದಲ್ಲ. ಕಾಳನ್ನು ಕೂಡಿಟ್ಟವನು ದಾಸೋಹ ಮಾಡುವಂತೆ, ರೋಗವನ್ನು ತಾಳುವ ಶಕ್ತಿಯನ್ನು ಪಡೆದವನು ಅದು ಇಲ್ಲದವರಿಗೆ ತಡೆಗೋಡೆಯಾಗಿ ನಿಲ್ಲಬೇಕು. ಅದೂ ಒಂದು ದಾಸೋಹ.

ಕೊನೆಯ ಪ್ರಶ್ನೆಯನ್ನು ಕೇಳಿದವರು ಒಬ್ಬ ತಾಯಿ. ಅವರ ಯಜಮಾನರು ಎರಡನೆಯ ಅಲೆಯಲ್ಲಿ ದೂರದ ಆಸ್ಪತ್ರೆಯಲ್ಲಿ ಲಿಂಗೈಕ್ಯರಾದರು. ಮನೆಯವರೆಲ್ಲ ಜ್ವರದಲ್ಲಿದ್ದರು. ಶರೀರವನ್ನು ಚೀಲದಲ್ಲಿ ಕಟ್ಟಿ ಗುರುತಿಲ್ಲದ ತರುಣರು ಮಣ್ಣು ಮಾಡಿದರು. ಪದ್ಮಾಸನವಿಲ್ಲ, ಅಂಗೈಯಲ್ಲಿ ಲಿಂಗವಿಟ್ಟವರಿಲ್ಲ, ವಿಭೂತಿ ಬಿಲ್ವಪತ್ರೆಗಳಿಲ್ಲ. “ಬುದ್ಧಿ, ಅವರು ಶಿವನ ಪಾದ ಸೇರಿದರೋ ಇಲ್ಲವೋ?” ಎಂದು ಆ ತಾಯಿ ಕೇಳಿದರು. ಇಂತಹ ತಾಯಂದಿರು ಈ ಸಭೆಯಲ್ಲಿಯೂ ಇದ್ದಾರೆ.

ಆ ತಾಯಿಗೆ ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇವೆ. ಐಕ್ಯವು ಕುಣಿಯ ಅಳತೆಯಿಂದ ಬರುವುದಲ್ಲ. ಬದುಕಿನುದ್ದಕ್ಕೂ ಎದೆಯ ಮೇಲೆ ಲಿಂಗವನ್ನು ಧರಿಸಿ, ಕಾಯಕ ಮಾಡಿ, ಹಸಿದವರಿಗೆ ಉಣಿಸಿದವನನ್ನು ಶಿವನು ಕಡೆಯ ಒಂದು ಗಳಿಗೆಯ ಕ್ರಿಯಾಲೋಪಕ್ಕಾಗಿ ಕೈಬಿಡುವನೇ? ಕ್ರಿಯಾಸಮಾಧಿಯ ವಿಧಿಗಳು ಪೂಜ್ಯವಾದವು, ಸಾಧ್ಯವಿರುವಾಗ ಬಿಡತಕ್ಕವಲ್ಲ. ಅವು ಉಳಿದವರ ಮನಸ್ಸಿಗೆ ಶಾಂತಿಯನ್ನು ಕೊಡುತ್ತವೆ. ಆ ಶಾಂತಿ ನಿಮಗೆ ದೊರೆಯಲಿಲ್ಲ. ಅದು ನಿಜವಾದ ನಷ್ಟ, ಅದಕ್ಕಾಗಿ ಅಳುವುದು ತಪ್ಪಲ್ಲ. ಆದರೆ ಅವರಿಗೆ ಗತಿ ತಪ್ಪಿತೆಂದು ಅಳಬೇಡಿರಿ. ಹೆತ್ತ ಮಕ್ಕಳು ಮುಟ್ಟಲಾರದಾಗ ಆ ಶರೀರಕ್ಕೆ ಹೆಗಲು ಕೊಟ್ಟ ತರುಣರು ಯಾವ ಜಾತಿಯವರೋ, ಯಾವ ಧರ್ಮದವರೋ. ಅವರ ರೂಪದಲ್ಲಿ ಜಂಗಮನೇ ಬಂದನೆಂದು ತಿಳಿಯಿರಿ.

ಇಲ್ಲಿ ಒಂದು ಕಟುವಾದ ಮಾತನ್ನೂ ಹೇಳಬೇಕಾಗಿದೆ. ಸರಕಾರದ ನಿಯಮವೇ ಮೃತರ ಮುಖ ನೋಡಲು, ಶರೀರವನ್ನು ಮುಟ್ಟದೆ ಮಂತ್ರ ಹೇಳಲು, ತೀರ್ಥ ಸಿಂಪಡಿಸಲು ಅವಕಾಶ ಕೊಟ್ಟಿತ್ತು. ಆದರೂ ಅನೇಕ ಊರುಗಳಲ್ಲಿ ಮಣ್ಣು ಕೊಡಲು ಜಾಗ ಬಿಡಲಿಲ್ಲ. ನಿಯಮಕ್ಕಿಂತ ಅಂಜಿಕೆಯೇ ಕ್ರೂರವಾಯಿತು. ಚರಕನು ಇದಕ್ಕೆ ಪ್ರಜ್ಞಾಪರಾಧವೆನ್ನುತ್ತಾನೆ. ತಿಳಿವಳಿಕೆಯು ದಾರಿ ತಪ್ಪುವುದೇ ನಾಡನ್ನು ಕೆಡಿಸುವ ದೋಷಗಳ ಮೂಲವೆಂಬುದು ಅದೇ ಅಧ್ಯಾಯದ ಸಾರ. ಅಂತಹ ಕಾಲದಲ್ಲಿ ಔಷಧಿಯ ಜೊತೆಗೆ ಸತ್ಯವನ್ನೂ ಭೂತದಯೆಯನ್ನೂ ದಾನವನ್ನೂ ಆತನು ಚಿಕಿತ್ಸೆಯಾಗಿ ವಿಧಿಸಿದ್ದಾನೆ.

ಶರಣಬಂಧುಗಳೇ, ಇಂತಹ ರೋಗ ಮತ್ತೆ ಬರಲಾರದೆಂದು ಯಾರೂ ಹೇಳಲಾರರು. ಬಂದಾಗ ಮೈಗಳ ನಡುವೆ ಅಂತರವಿರಲಿ, ಮನೆಗಳ ನಡುವೆ ಬುತ್ತಿ ಓಡಾಡಲಿ. ವೈದ್ಯರ ಮಾತನ್ನು ಕೇಳಿರಿ. ಯಾರೋ ಕಳಿಸಿದ ಗಾಳಿಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿರಿ. ಇನ್ನು ಅಂದು ಮುರಿದ ಮನಸ್ಸುಗಳ ಮಾತು. ಬಾರದೆ ಹೋದವರು ಇಂದು ಹೋಗಿರಿ. “ಅಂದು ಅಂಜಿದೆವು” ಎಂದು ಬಾಯಿಬಿಟ್ಟು ಹೇಳಿರಿ. ನೊಂದವರು ಬಾಗಿಲು ತೆರೆಯಿರಿ. ಈಗ ಗೋಷ್ಠಿ ಮುಗಿದ ಮೇಲೆ ಆ ಎರಡು ವರ್ಷಗಳಲ್ಲಿ ಲಿಂಗೈಕ್ಯರಾದ ಎಲ್ಲರ ಹೆಸರಿನಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆ ಜರುಗುವುದು. ವಿಧಿಯಂತೆ ಕಳಿಸಿಕೊಡಲಾಗಲಿಲ್ಲವೆಂದು ಕೊರಗುವವರು ಮುಂದೆ ಬಂದು ಕುಳಿತುಕೊಳ್ಳಿರಿ. ಬಳಿಕ ಪ್ರಸಾದದ ಪಂಕ್ತಿಯಲ್ಲಿ ಮಾತು ಬಿಟ್ಟವರು ಪಕ್ಕಪಕ್ಕದಲ್ಲಿ ಕೂಡಬೇಕೆಂದು ನಾವು ಅಪ್ಪಣೆ ಕೊಡಿಸುತ್ತೇವೆ.

ಸರ್ವರಿಗೂ ಆರೋಗ್ಯವನ್ನೂ, ಆರೋಗ್ಯಕ್ಕಿಂತ ಮಿಗಿಲಾದ ಅಂತಃಕರಣವನ್ನೂ ಪರಶಿವನು ಕರುಣಿಸಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.